ಅಲಸಂಡೆ ಬೀಜ ಇಡುವವರಿಗೆ ಮೆಂಡೆಲರ ಕಥೆ



ಅರಂತೋಡಿನ ಕಡೆ ಅಲಸಂಡೆ ಬೆಳೆಯುವ ತಾವು ನಾಲ್ಕು ಒಳ್ಳೆಯ ಕೋಡುಗಳನ್ನು ಬೀಜಕ್ಕೆಂದು ಬಳ್ಳಿಯಲ್ಲೇ ಬಿಡುತ್ತೀರಿ. ಮರುವರ್ಷ ಅದು ತಾಯಿಬಳ್ಳಿಯಂತೆಯೇ ಬರುತ್ತದೆ. ಆದರೆ ಪೇಟೆಯಿಂದ ತಂದ ಹೈಬ್ರಿಡ್ ತರಕಾರಿಯ ಬೀಜ ಇಟ್ಟು ನೋಡಿ, ಒಂದೊಂದು ಗಿಡ ಒಂದೊಂದು ತರಹ. ಏಕೆ ಹೀಗೆ? ಇದನ್ನು ಬಿಡಿಸಿ ತೋರಿಸಿದವರು ಒಬ್ಬ ರೈತನ ಮಗ, ಗ್ರೆಗರ್ ಮೆಂಡೆಲ್.

ಅವರು ಹುಟ್ಟಿದ್ದು 1822ರಲ್ಲಿ, ಇಂದಿನ ಚೆಕ್ ದೇಶದ ಒಂದು ಹಳ್ಳಿಯಲ್ಲಿ. ತಂದೆ ತಮ್ಮ ಬೇಸಾಯದ ಜೊತೆಗೆ ವಾರದಲ್ಲಿ ಮೂರು ದಿನ ಜಮೀನ್ದಾರನಿಗೆ ಬಿಟ್ಟಿ ದುಡಿಯಬೇಕಿತ್ತು. 1838ರಲ್ಲಿ ಮರದ ದಿಮ್ಮಿ ಬಿದ್ದು ಅವರ ಮೈ ಜಖಂ ಆಯಿತು. ಮಗನ ಓದು ನಿಲ್ಲುವ ಹೊತ್ತಿಗೆ ತಂಗಿ ಥೆರೇಸಿಯಾ ತನ್ನ ಮದುವೆಯ ಹಣದಲ್ಲಿ ಒಂದು ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಳು. ಮುಂದೆ ಆಕೆಯ ಗಂಡುಮಕ್ಕಳ ಓದಿಗೆ ಮೆಂಡೆಲ್ ನೆರವಾದರು.

1843ರಲ್ಲಿ ಅವರು ಬ್ರನೋ ಪಟ್ಟಣದ ಕ್ರೈಸ್ತ ಮಠ ಸೇರಿದರು. ಉಪಾಧ್ಯಾಯರ ಪರೀಕ್ಷೆಗೆ ಎರಡು ಸಲ ಕುಳಿತರೂ ದಾಟಲಿಲ್ಲ. ಅದೇ ಮನುಷ್ಯ ಮಠದ ಹಿತ್ತಿಲಿನಲ್ಲಿ 1856ರಿಂದ ಎಂಟು ವರ್ಷ ಬಟಾಣಿ ಬೆಳೆದರು.

ಮೊದಲು ಅವರು ಮಾಡಿದ ಕೆಲಸವನ್ನು ತಾವು ಗಮನಿಸಬೇಕು. 34 ಬಗೆಯ ಬಟಾಣಿ ಬೀಜ ತರಿಸಿ, ಅವು ತಮ್ಮ ತಳಿಗೆ ತಕ್ಕಂತೆ ಬರುತ್ತವೆಯೇ ಎಂದು ಎರಡು ವರ್ಷ ಬಿತ್ತಿ ನೋಡಿದರು. ಬಟಾಣಿ ಹೂವು ಅರಳುವ ಮೊದಲೇ ಒಳಗಿನ ಪರಾಗ ತನ್ನದೇ ಶಲಾಕೆಗೆ ಬೀಳುತ್ತದೆ. ಆದ್ದರಿಂದ ತಳಿ ಕೆಡುವುದು ಅಪರೂಪ. ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಕಿತ್ತು, ಬೇರೆ ತಳಿಯ ಪರಾಗವನ್ನು ತಾವೇ ಸವರಿ ಅವರು ಎತ್ತರದ ಗಿಡಕ್ಕೂ ಗಿಡ್ಡ ಗಿಡಕ್ಕೂ ಕೂಡಿಸಿದರು. ಮರುಬೆಳೆಯಲ್ಲಿ ಎಲ್ಲವೂ ಎತ್ತರ! ಅವುಗಳ ಬೀಜ ಇಟ್ಟು ಬಿತ್ತಿದಾಗ 1064 ಗಿಡಗಳಲ್ಲಿ 787 ಎತ್ತರ, 277 ಗಿಡ್ಡ. ಅಡಗಿದ್ದ ಗಿಡ್ಡತನ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲಾಗಿ ಹೊರಬಂದಿತ್ತು. ಹೈಬ್ರಿಡ್ ಬೀಜ ಇಟ್ಟವರ ಬೆಳೆ ಒಡೆಯುವುದು ಹೀಗೆಯೇ. ಹುರುಳಿಕಾಯಿಯಲ್ಲಿ, ಅಂದರೆ ಬೀನ್ಸಿನಲ್ಲಿಯೂ ಹಬ್ಬುವ ತಳಿಗೆ ಗಿಡ್ಡ ತಳಿ ಕೂಡಿಸಿ ನೋಡಿದರು, ಲೆಕ್ಕ ತಪ್ಪಲಿಲ್ಲ.

1865ರಲ್ಲಿ ಇದನ್ನು ಊರಿನ ವಿಜ್ಞಾನ ಸಂಘದಲ್ಲಿ ಓದಿದರು, ಮರುವರ್ಷ ಅಚ್ಚಾಯಿತು. ಅದರ ಬೆಲೆ ತಿಳಿದವರಿಲ್ಲ. ಆಮೇಲೆ ಅವರು ಕೈಹಾಕಿದ ಹಾಕ್‌ವೀಡ್ ಎಂಬ ಗಿಡವೋ, ಪರಾಗ ಕೂಡದೆಯೇ ಬೀಜ ಕಟ್ಟುವ ಜಾತಿ! ಅದರಲ್ಲಿ ಲೆಕ್ಕ ಕೂಡೀತು ಹೇಗೆ? ಆ ಗುಟ್ಟು ಅವರಿಗೆ ಕೊನೆಗೂ ತಿಳಿಯಲಿಲ್ಲ. 1868ರಲ್ಲಿ ಮಠದ ಮುಖ್ಯಸ್ಥರಾದ ಮೇಲೆ ಸರಕಾರದೊಡನೆ ತೆರಿಗೆಯ ತಕರಾರಿನಲ್ಲೇ ದಿನ ಸವೆದವು. 1884ರ ಜನವರಿ 6ರಂದು ತೀರಿಕೊಂಡರು. 1900ರಲ್ಲಿ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ ಅದೇ ಲೆಕ್ಕಕ್ಕೆ ಬಂದು ತಲುಪಿದಾಗ ಮೆಂಡೆಲರ ಹೆಸರು ಮೇಲೆದ್ದಿತು.

ಅಲಸಂಡೆಯೂ ಬಟಾಣಿಯಂತೆ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಬೆಳೆ. ಆದ್ದರಿಂದ ಬೀಜ ಇಡಲು ಹಿಂಜರಿಯಬೇಡಿ. ಆದರೆ ಕೋಡು ನೋಡಿ ಆರಿಸುವ ಬದಲು ಬಳ್ಳಿ ನೋಡಿ ಆರಿಸಿ. ಎಲೆ ಹಳದಿ ಮಚ್ಚೆಯಾಗಿ ಮುರುಟಿದ ಬಳ್ಳಿಯದು ಬೇಡ. ಕೆಲವು ನಂಜುರೋಗ ಬೀಜದಲ್ಲೇ ದಾಟುತ್ತದೆ. ಅಡಿಗೆಗೆ ಕೊಯ್ದು ಉಳಿದ ಕೊನೆಯ ಸಣಕಲು ಕೋಡುಗಳನ್ನು ಬೀಜಕ್ಕೆ ಬಿಡುವ ರೂಢಿಯೂ ಒಳ್ಳೆಯದಲ್ಲ.

ಇನ್ನು ಹುಳು. ಮೆಂಡೆಲ್ 1854ರಲ್ಲಿ ಬಟಾಣಿ ಕೊರೆಯುವ ದುಂಬಿಯ ಬಗ್ಗೆಯೂ ಬರೆದಿದ್ದರು. ನಮ್ಮ ಅಲಸಂಡೆ ಕೊರೆಯುವುದು ಅದರ ಹತ್ತಿರದ ಜಾತಿ. ಕೋಡು ಬಳ್ಳಿಯಲ್ಲಿರುವಾಗಲೇ ಮೊಟ್ಟೆ ಇಡಬಲ್ಲದು. ಬೀಜ ಬಿಡಿಸಿ ಚೆನ್ನಾಗಿ ಬಿಸಿಲಿಗೆ ಒಣಗಿಸಿ. ಆರಿದ ಮೇಲೆ ಕಿಲೋಗೆ 5 ಮಿಲಿಲೀಟರ್ ಅಡಿಗೆ ಎಣ್ಣೆ ಸವರಿ, ಇಲ್ಲವೇ ಜರಡಿ ಹಿಡಿದ ಒಣ ಬೂದಿ ಬೆರೆಸಿ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡುತ್ತಿರಿ.