ಡಾ. ಸಲೀಂ ಅಲಿ: ನೋಡಿ ಬರೆದಿಡುವುದನ್ನು ಕಲಿಸಿದ ಪಕ್ಷಿತಜ್ಞ

ಡಾ. ಸಲೀಂ ಅಲಿ 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳವೆಯಲ್ಲೇ ತಂದೆ ತಾಯಿಗಳನ್ನು ಕಳೆದುಕೊಂಡ ಅವರನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್‌ಜಿ ಸಾಕಿದರು. ಸುಮಾರು ಹತ್ತನೇ ವಯಸ್ಸಿನಲ್ಲಿ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕುತ್ತಿಗೆಯಲ್ಲಿ ಹಳದಿ ಮಚ್ಚೆ ಕಂಡಿತು. ಅದು ಯಾವ ಗುಬ್ಬಿಯೆಂದು ಮಾವನಿಗೂ ತಿಳಿಯದೆ, ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಹಕ್ಕಿಯನ್ನು ಗುರುತಿಸಿ, ಸೊಸೈಟಿಯ ಪಕ್ಷಿಸಂಗ್ರಹವನ್ನೂ ತೋರಿಸಿದರು. ಠಾಣಾ ಕುಶನೂರಿನ ಬೋಧನಾಭ್ಯಾಸದಲ್ಲಿ 8ನೇ ತರಗತಿಗೆ ಸಸ್ಯ ಹಾಗೂ ಪ್ರಾಣಿಗಳ ಸಂರಕ್ಷಣೆಯ ಪಾಠ ಮಾಡುವಾಗ ನಾನು ಈ ಪ್ರಸಂಗವನ್ನೇ ಪೀಠಿಕೆಯಾಗಿ ಆರಿಸಿಕೊಂಡೆ.

ಮುಂದೆ ಕಾಲೇಜಿನಲ್ಲಿ ಸಲೀಂ ಅಲಿಯವರಿಗೆ ಗಣಿತ ಕೈಹಿಡಿಯಲಿಲ್ಲ. ಮನೆತನದ ವ್ಯವಹಾರ ನೋಡಲು ಬರ್ಮಾಕ್ಕೆ ಹೋದರು. ಅಲ್ಲಿಯೂ ಕಾಡು ಸುತ್ತಿ ಹಕ್ಕಿ ನೋಡಿದರು. ಮರಳಿ ಬಂದು ಪ್ರಾಣಿಶಾಸ್ತ್ರ ಓದಿದರೂ ವಿಶ್ವವಿದ್ಯಾಲಯದ ಪದವಿ ಇರಲಿಲ್ಲವಾದ್ದರಿಂದ ಸರ್ಕಾರಿ ಪಕ್ಷಿತಜ್ಞರ ಹುದ್ದೆ ಸಿಗಲಿಲ್ಲ. 1926ರಲ್ಲಿ ಮುಂಬಯಿ ವಸ್ತುಸಂಗ್ರಹಾಲಯದಲ್ಲಿ ಸಂದರ್ಶಕರಿಗೆ ವಿವರಿಸಿ ಹೇಳುವ ಕೆಲಸ ದೊರೆಯಿತು. ಆಮೇಲೆ ಬರ್ಲಿನ್ನಿಗೆ ತೆರಳಿ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ಪಕ್ಷಿಶಾಸ್ತ್ರ ಕಲಿತರು. 1930ರಲ್ಲಿ ತಿರುಗಿ ಬಂದಾಗ ಕೆಲಸ ಇರಲಿಲ್ಲ. ಕಡಲತೀರದ ಕಿಹೀಮ್ ಎಂಬ ಹಳ್ಳಿಯಲ್ಲಿ ಉಳಿದು, ಗೀಜಗನ ಗೂಡುಗಳನ್ನು ದಿನವೂ ಗಮನಿಸಿ ಬರೆದಿಟ್ಟರು. ಗಂಡು ಗೂಡನ್ನು ಅರ್ಧ ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಪೂರ್ಣಗೊಳಿಸುತ್ತದೆ. ಹೆಣ್ಣು ಮೊಟ್ಟೆಯಿಟ್ಟ ಬಳಿಕ ಗಂಡು ಮತ್ತೊಂದು ಗೂಡಿಗೆ ಕೈಹಾಕುತ್ತದೆ. ಈ ಕ್ರಮವನ್ನು ತೋರಿಸಿಕೊಟ್ಟವರು ಅವರು.

ಇದನ್ನು ಹೇಳಿದ ಮೇಲೆ ಮಕ್ಕಳನ್ನು ಬಾವಿಯ ಪಕ್ಕದ ಜಾಲಿಮರದ ಬಳಿಗೆ ಕರೆದೊಯ್ದೆ. ಗಡಿಭಾಗವಾದ್ದರಿಂದ ಗೀಜಗ, ಸುಗರಣ, ಬಯಾ ಎಂದು ಮೂರು ಹೆಸರು ಬಂದವು. ಮೂರನ್ನೂ ಹಲಗೆಯ ಮೇಲೆ ಬರೆದೆವು. ಅರ್ಧ ಗೂಡು, ಪೂರ್ಣ ಗೂಡು ಎಂದು ಎರಡು ಕಾಲಂ ಮಾಡಿ ಎಣಿಸಿದರು.

1931ರಲ್ಲಿ ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ಕೈಗೊಂಡರು. ಸಂಬಳ ಬೇಡ, ಪ್ರಯಾಣ ಮತ್ತು ಬಿಡಾರದ ಖರ್ಚು ಸಾಕು ಎಂದರು. ಪತ್ನಿ ತೆಹಮೀನಾ ಜೊತೆಗಿದ್ದರು. ಬೀದರ ಆಗ ಅದೇ ಸಂಸ್ಥಾನದ ಜಿಲ್ಲೆ. ಹಳೆಯ ಸಂಸ್ಥಾನ ಮತ್ತು ಇಂದಿನ ಮೂರು ರಾಜ್ಯಗಳ ಗಡಿಯನ್ನು ಒಂದೇ ನಕ್ಷೆಯಲ್ಲಿ ಬಿಡಿಸಿದಾಗ ಭೂಗೋಳದ ಪಾಠವೂ ಇದರೊಳಗೆ ಬಂತು. ಮುಂದೆ ಅವರು ಮೈಸೂರು ಸಂಸ್ಥಾನದಲ್ಲೂ ಸಮೀಕ್ಷೆ ಮಾಡಿದರು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಗಲು ಕಾರಣರಾದರು. 1941ರಲ್ಲಿ ಭಾರತೀಯ ಪಕ್ಷಿಗಳ ಕುರಿತ ಅವರ ಜನಪ್ರಿಯ ಪುಸ್ತಕ ಬಂತು. 1976ರಲ್ಲಿ ಪದ್ಮವಿಭೂಷಣ ಪಡೆದ ಅವರು 1987ರಲ್ಲಿ ನಿಧನರಾದರು.

ಪಾಠದ ಕೊನೆಗೆ ಒಬ್ಬ ಹುಡುಗ ಎದ್ದು, ಚಿಗರಿಗಳು ತಮ್ಮ ಹೊಲದ ಬೆಳೆ ಮೇಯುತ್ತವೆ, ಅವುಗಳನ್ನೇಕೆ ಉಳಿಸಬೇಕು ಎಂದು ಕೇಳಿದ. ಪಠ್ಯದ ಉತ್ತರ ಅವನಿಗೆ ಸಾಲದು. ನಷ್ಟ ಅವನ ಮನೆಯದು. ಕೃಷ್ಣಮೃಗಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಬೆಳೆಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಬಹುದು ಎಂದು ತಿಳಿಸಿದೆ. ಜೋಳ ತಿನ್ನುವ ಗೀಜಗವೇ ತನ್ನ ಮರಿಗಳಿಗೆ ಹುಳು ಹಿಡಿದು ತಿನ್ನಿಸುತ್ತದೆ ಎಂದೂ ಹೇಳಿದೆ. ಬಳಿಕ ಅವನಿಗೇ ಒಂದು ಕೆಲಸ ಕೊಟ್ಟೆ: ಎಷ್ಟು ಚಿಗರಿ, ಯಾವ ಹೊತ್ತು, ಯಾವ ಬೆಳೆ, ಎಷ್ಟು ಹಾನಿ ಎಂದು ಎರಡು ವಾರ ಬರೆದಿಡುವುದು. ಅರ್ಜಿಗೂ ಅದು ಉಪಯೋಗಕ್ಕೆ ಬರುತ್ತದೆ, ವಿಜ್ಞಾನಕ್ಕೂ.

ಈ ಘಟಕ ಬೋಧಿಸುವ ಸಹಪ್ರಶಿಕ್ಷಣಾರ್ಥಿಗಳು ಪಾಠಯೋಜನೆಯಲ್ಲಿ ಇಂಥ ಪ್ರಶ್ನೆಗೆ ಹತ್ತು ನಿಮಿಷ ಮೀಸಲಿಡುವುದು ಒಳ್ಳೆಯದು. ಹಳ್ಳಿಯ ಶಾಲೆಯಲ್ಲಿ ಅದು ಬಂದೇ ಬರುತ್ತದೆ.