ತಾವೇ ಜೀತಪತ್ರ ಬರೆದುಕೊಟ್ಟ ಸಂತ ಜೋಸೆಫ್ ವಾಜ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಿರಿಯರಿಗೆ ಜೀತ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. 1976ರ ಕಾಯಿದೆಗೆ ಮುಂಚೆ ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿಯುತ್ತಿದ್ದ. ಯಾರಾದರೂ ಸಾಲ ತೀರಿಸಿದರೆ ಬಿಡುಗಡೆ. ಪಾಪವೂ ಅಂಥದೇ ಸಾಲ. ದೇವರು ನ್ಯಾಯವಂತರು, ಪಾಪವನ್ನು ಪಾಪವಲ್ಲ ಎನ್ನರು. ಆದರೆ ಅವರು ದಯಾಮಯರೂ ಹೌದು. ನಾವು ತೀರಿಸಲಾಗದ ಸಾಲವನ್ನು ಯೇಸುಸ್ವಾಮಿ ಶಿಲುಬೆಯ ಮೇಲೆ ತಾವೇ ತೀರಿಸಿದರು. ಇದೇ ವಿಮೋಚನೆ. ಇದನ್ನು ಬಾಳಿ ತೋರಿಸಿದವರು ಮುಡಿಪು ಗುಡ್ಡದ ಸಂತ ಜೋಸೆಫ್ ವಾಜ್.

ಅವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆನಾವಲಿಯಲ್ಲಿ. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಆಗಸ್ಟ್ 5ರಂದು, ತಾವು ಮರಿಯಮ್ಮನವರ ಜೀತದಾಳು ಅಂತ ಸ್ವಂತ ಕೈಯಿಂದ ಪತ್ರ ಬರೆದುಕೊಟ್ಟರು. ಬೇರೆಯವರ ಬಿಡುಗಡೆಗಾಗಿ ದುಡಿಯಬೇಕಾದವರು ಮೊದಲು ತಮ್ಮನ್ನೇ ಒಪ್ಪಿಸಿಕೊಂಡರು.

1681ರಿಂದ 1684ರವರೆಗೆ ಕನ್ನಡ ಕರಾವಳಿಯಲ್ಲಿ ಸೇವೆ ಮಾಡಿದರು. ಆಗ ಕೆಲವರು, ರೋಗಿಯೊಬ್ಬರು ಸಾಯುತ್ತಿದ್ದಾರೆ ಎಂದು ಸುಳ್ಳು ಹೇಳಿ, ಕೊಲ್ಲುವುದಕ್ಕಾಗಿ ಅವರನ್ನು ಮುಡಿಪು ಗುಡ್ಡಕ್ಕೆ ಕರೆತಂದರು ಎಂದು ಪ್ರತೀತಿ. ಅವರು ಮೊಣಕಾಲೂರಿ ಪ್ರಾರ್ಥಿಸಿದರು. ಶಾಪ ಹಾಕಲಿಲ್ಲ. ಬಂಡೆಯಿಂದ ನೀರು ಚಿಮ್ಮಿತು. ಕೊಲ್ಲಬಂದವರ ಮೇಲೆ ಸಿಡಿಲು ಬೀಳಲಿಲ್ಲ, ಅವರ ಕಣ್ಣೆದುರೇ ಒರತೆ ಹುಟ್ಟಿತು! ಪಾಪಿಯ ಸಾವು ದೇವರಿಗೆ ಬೇಕಿಲ್ಲ, ಅವನು ತಿರುಗಿಕೊಂಡು ಬದುಕುವುದು ಬೇಕು.

ಸಿಂಹಳದಲ್ಲಿ ಡಚ್ಚರು ಕಥೋಲಿಕ ಪೂಜೆಯನ್ನು ನಿಷೇಧಿಸಿದ್ದರು. 1687ರಲ್ಲಿ ಜೋಸೆಫರು ಕೂಲಿಯವನ ವೇಷದಲ್ಲಿ ಅಲ್ಲಿಗೆ ಹೋದರು. 1692ರಲ್ಲಿ ಕ್ಯಾಂಡಿಯ ಅರಸನು ಗೂಢಚಾರನೆಂದು ಸೆರೆಗೆ ಹಾಕಿಸಿದ. ಬರಗಾಲ ಬಂದಾಗ ಅವರ ಪ್ರಾರ್ಥನೆಯಿಂದ ಮಳೆಯಾಯಿತೆಂದು ಭಕ್ತರು ನಂಬುತ್ತಾರೆ. 1697ರಲ್ಲಿ ಸಿಡುಬು ಬಂದು ಜನ ಊರು ಬಿಟ್ಟು ಓಡಿದರು. ಮನೆಯವರೇ ಬಿಟ್ಟುಹೋದ ರೋಗಿಗಳನ್ನು, ಯಾವ ಮತದವರೆಂದು ಕೇಳದೆ, ಈ ಗುರುಗಳು ತೊಳೆದು ಉಣ್ಣಿಸಿದರು. ಸೆರೆಮನೆಗೆ ಹಾಕಿದ ಊರಿಗೆ ಅವರು ತೀರಿಸಿದ ಲೆಕ್ಕ ಇದು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು. 1995ರಲ್ಲಿ ಧನ್ಯರೆಂದೂ 2015ರ ಜನವರಿ 14ರಂದು ಸಂತರೆಂದೂ ಕೊಲಂಬೊದಲ್ಲಿ ಘೋಷಣೆಯಾಯಿತು.

ಯಾತ್ರಿಕರೇ, ಒರತೆಯ ನೀರು ಕುಡಿಯುವ ಮುಂಚೆ, ನಿಮಗೆ ಕೇಡು ಮಾಡಿದವರೊಬ್ಬರ ಹೆಸರು ನೆನೆಯಿರಿ. ಅವರ ಸಾಲ ಬಿಟ್ಟುಬಿಡಿ. ನಿಮ್ಮದನ್ನು ಯೇಸುಸ್ವಾಮಿ ಎಂದೋ ತೀರಿಸಿದ್ದಾರೆ.

ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.