ಅಳತೆ ಸರಿ ಮಾಡಲು ಹೋದವರು: ಶಾಂತವೇರಿ ಗೋಪಾಲಗೌಡರು



ಮನುಷ್ಯ ಹುಟ್ಟಿನಿಂದಲೇ ಸ್ವಾರ್ಥಿಯೋ ಅಲ್ಲವೋ ಎಂದು ನಮ್ಮ ಮೇಷ್ಟ್ರು ತರಗತಿಯಲ್ಲಿ ಕೇಳಿದರು. ಅರ್ಧ ಜನ ಹೌದು ಅಂದ್ವಿ, ಅರ್ಧ ಜನ ಅಲ್ಲ ಅಂದ್ರು. ಆಗ ಮೇಷ್ಟ್ರು ಗೋಪಾಲಗೌಡರ ಜೀವನ ಓದಿ ಗೋಡೆಪತ್ರಿಕೆಗೆ ಬರೆಯಲು ನನಗೆ ಹೇಳಿದರು.

ಗೋಪಾಲಗೌಡರು 1923ರ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದರು. ಮನೆಯಲ್ಲಿ ಬಡತನ. ಓದುತ್ತಿದ್ದಾಗಲೇ 1942ರ ಚಲೇಜಾವ್ ಚಳವಳಿಗೆ ಸೇರಿ ಜೈಲಿಗೆ ಹೋದರು. ಸ್ವಾತಂತ್ರ್ಯ ಬಂದ ಮೇಲೆ ಸಮಾಜವಾದಿ ಪಕ್ಷದಲ್ಲಿ ದುಡಿದರು.

ಆಗ ನಮ್ಮ ಮಲೆನಾಡಿನಲ್ಲಿ ಗೇಣಿ ಪದ್ಧತಿ ಇತ್ತು. ಗದ್ದೆ ಒಡೆಯರದು, ಬೆವರು ಗೇಣಿದಾರರದು. ಕೊಯ್ಲು ಮುಗಿದ ಮೇಲೆ ಗೇಣಿಯ ಭತ್ತವನ್ನು ಕೊಳಗದಲ್ಲಿ ಅಳೆದು ಒಡೆಯರ ಮನೆಗೆ ಕೊಡಬೇಕಿತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗವೇ ಸರಿಯಾದ ಅಳತೆಗಿಂತ ದೊಡ್ಡದಾಗಿತ್ತು. ಎಣಿಸಿದರೆ ಕೊಳಗ ಅಷ್ಟೇ, ಆದರೆ ಹೋಗುವ ಭತ್ತ ಹೆಚ್ಚು. ಅಲ್ಲಿನ ರೈತರಲ್ಲಿ ಹೆಚ್ಚಿನವರು ದೀವರು. ಸರಿಯಾದ ಕೊಳಗದಲ್ಲಿ ಅಳೆಯಬೇಕೆಂದು ಅವರು ಕೇಳಿದರು. ಕೇಳಿದ್ದಕ್ಕೆ ಗದ್ದೆಯನ್ನೇ ಬಿಡಿಸಿದರು.

1951ರ ಏಪ್ರಿಲ್ 18ರಂದು ಕಾಗೋಡು ಸತ್ಯಾಗ್ರಹ ಶುರುವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಒಟ್ಟು ಮಾಡಿದ್ದರು. ರೈತರು ಒಂದು ಗುಂಪಾಗಿ ಗದ್ದೆಗೆ ಇಳಿಯೋರು, ಪೊಲೀಸರು ಹಿಡಿದುಕೊಂಡು ಹೋಗೋರು. ಮತ್ತೆ ಇನ್ನೊಂದು ಗುಂಪು ಇಳಿಯೋದು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದರು. ಅವರನ್ನೂ ಬಂಧಿಸಿದರು.

ಗೋಪಾಲಗೌಡರು ಈ ಹೋರಾಟದ ಮುಂದೆ ನಿಂತರು. ಅವರ ಊರು ಬೇರೆ ತಾಲ್ಲೂಕು. ಕಾಗೋಡಿನ ರೈತರು ಅವರ ನೆಂಟರಲ್ಲ, ಅವರ ಜಾತಿಯವರೂ ಅಲ್ಲ. ಕೊಳಗ ಸರಿಯಾದರೆ ಅವರ ಮನೆಗೆ ಒಂದು ಪಾವು ಭತ್ತವೂ ಬರುತ್ತಿರಲಿಲ್ಲ. ಆದರೂ ಹೋದರು. ಇದನ್ನು ಓದಿದಾಗ ಹೌದು ಅಂತ ಕೈ ಎತ್ತಿದ್ದು ತಪ್ಪಾಯ್ತೇನೋ ಅನ್ನಿಸಿತು.

1952ರ ಚುನಾವಣೆಯಲ್ಲಿ ಸಾಗರ-ಹೊಸನಗರದ ಜನ ಅವರನ್ನು ಗೆಲ್ಲಿಸಿದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಉಳುವವನಿಗೇ ಭೂಮಿ ಸಿಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರಬೇಕು ಎಂದು ವಾದಿಸಿದರು. 1972ರ ಜೂನ್ 9ರಂದು ತೀರಿಕೊಂಡರು. ಆಗ 49 ವರ್ಷ. ಕರ್ನಾಟಕ ಎಂಬ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ. ಗೇಣಿ ಪದ್ಧತಿ ಹೋಗಿದ್ದು 1974ರ ಮಾರ್ಚ್ 1ಕ್ಕೆ. ಎರಡನ್ನೂ ನೋಡಲು ಅವರಿರಲಿಲ್ಲ.

ನಮ್ಮ ಮುತ್ತಜ್ಜನೂ ಗೇಣಿದಾರರೇ. ಆ ಕಾನೂನು ಬಂದಾಗ ಡಿಕ್ಲರೇಷನ್ ಕೊಟ್ಟು ಜಮೀನು ನಮ್ಮದಾಯಿತಂತೆ. ಈಗ ನಮ್ಮ ಮನೆಗೆ ಅಡಿಕೆ ಸುಲಿಯಲು ಹೆಂಗಸರು ಬರುತ್ತಾರೆ. ಒಂದು ಡಬ್ಬಕ್ಕೆ ಇಷ್ಟು ಅಂತ ಕೂಲಿ. ಸುಲಿದ ಅಡಿಕೆಯನ್ನು ಡಬ್ಬಕ್ಕೆ ತುಂಬಿ ಲೆಕ್ಕ ಬರೆಯೋದು ನನ್ನ ಕೆಲಸ. ಹೋದ ವರ್ಷ ನಾನು ಡಬ್ಬವನ್ನು ಕುಲುಕಿ ಕುಲುಕಿ, ಮೇಲೆ ಗೋಪುರ ಬರೋ ಹಾಗೆ ತುಂಬಿಸ್ತಿದ್ದೆ. ಅಪ್ಪ ಹೇಳಿಕೊಟ್ಟದ್ದಲ್ಲ. ನಮಗೆ ಉಳಿಯುತ್ತೆ ಅಂತ ನಾನೇ ಮಾಡಿದ್ದು, ನಾನು ಭಾರಿ ಜಾಣ ಅಂದ್ಕೊಂಡಿದ್ದೆ. ಒಬ್ಬ ಅಕ್ಕ ಡಬ್ಬವನ್ನೂ ನನ್ನನ್ನೂ ನೋಡಿ ಏನೂ ಹೇಳದೆ ಸುಮ್ಮನಾದರು. ಕಾಗೋಡಿನ ಕೊಳಗದ ವಿಷಯ ಓದುವಾಗ ಅವರ ಮುಖ ನೆನಪಾಯ್ತು.

ಸ್ವಾರ್ಥ ಒಡೆಯರಲ್ಲಿ ಮಾತ್ರ ಇರೋದಲ್ಲ. ಅಳತೆ ಯಾರ ಕೈಗೆ ಬರುತ್ತೋ ಅವರಲ್ಲಿ ಬರುತ್ತೆ. ದಯೆಯೂ ಮನುಷ್ಯನಲ್ಲೇ ಇದೆ, ಇಲ್ಲದಿದ್ದರೆ ಗೋಪಾಲಗೌಡರು ಕಾಗೋಡಿಗೆ ಯಾಕೆ ಹೋಗ್ತಿದ್ರು? ಆದರೆ ಪಾಪ ಅಂದುಕೊಂಡು ಮನೆಯಲ್ಲೇ ಕೂತರೆ ಅದು ದಯೆ ಅಲ್ಲ, ಅಳತೆ ಸರಿ ಮಾಡಬೇಕು. ಇದೇ ಮೇಷ್ಟ್ರ ಪ್ರಶ್ನೆಗೆ ನನ್ನ ಉತ್ತರ.

ಈ ವರ್ಷ ಡಬ್ಬದ ಬಾಯಿಗೆ ಕೋಲು ಸವರಿ ಅಳೆಯುತ್ತೇನೆ ಎಂದು ಅಪ್ಪನಿಗೆ ಹೇಳಿದೆ, ಹೋದ ವರ್ಷದ್ದನ್ನೂ ಹೇಳಿದೆ. ಅಪ್ಪ ಬೈಯಲಿಲ್ಲ. ಹಳೇ ಲೆಕ್ಕದ ಪುಸ್ತಕ ತರಲು ಹೇಳಿದರು. ತರಲು ನಾಚಿಕೆಯಾಯಿತು, ಆದರೂ ತಂದೆ.

– 7ನೇ ತರಗತಿ ವಿದ್ಯಾರ್ಥಿ